ಮಕ್ಕಳು ಕಟ್ಟಿದ ಊರಿಗೆ ಬೀಗ ಹಾಕುವ ಮುನ್ನ

ಅಮೆರಿಕದ ಡಿಸ್ನಿ ಸಂಸ್ಥೆ 2003ರ ಜೂನ್ ತಿಂಗಳಲ್ಲಿ ಅಂತರ್ಜಾಲದಲ್ಲಿ ಒಂದು ಊರನ್ನು ತೆರೆಯಿತು. ಅದರ ಹೆಸರು ಟೂನ್‌ಟೌನ್. ಮಕ್ಕಳು ಹಾಗೂ ಹಿರಿಯರು ಸಂಕೋಚವಿಲ್ಲದೆ ಒಟ್ಟಿಗೆ ಕುಳಿತು ಆಡಬಹುದಾದ ಕಾಲ್ಪನಿಕ ಲೋಕವೆಂದು ಅದನ್ನು ರೂಪಿಸಲಾಗಿತ್ತು. ಹತ್ತು ವರ್ಷಗಳ ತರುವಾಯ, 2013ರ ಆಗಸ್ಟ್ 20ರಂದು, ಆ ಊರನ್ನು ಮುಚ್ಚುವುದಾಗಿ ಸಂಸ್ಥೆ ಪ್ರಕಟಿಸಿತು. ಸೆಪ್ಟೆಂಬರ್ 19ರಂದು ಮುಚ್ಚಿಯೂ ಬಿಟ್ಟಿತು. ದಶಕವೊಂದರ ಒಡನಾಟವನ್ನು ಮುಗಿಸಿಕೊಳ್ಳಲು ಮಕ್ಕಳಿಗೆ ದೊರೆತದ್ದು ಮೂವತ್ತು ದಿನಗಳ ಗಡುವು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ಬೇಡವಾದ ಅಂಗಡಿಯನ್ನು ಮಾಲೀಕನು ಮುಚ್ಚುತ್ತಾನೆ. ಆದರೆ ಅಲ್ಲಿ ಮುಚ್ಚಿದ್ದು ಅಂಗಡಿಯೋ, ಆಟದ ಬಯಲೋ? ಈ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ಮಕ್ಕಳ ಬಿಡುವಿನ ವೇಳೆ ಹೆಚ್ಚುಹೆಚ್ಚಾಗಿ ಪರದೆಯ ಮುಂದೆಯೇ ಕಳೆಯುತ್ತಿರುವ ಈ ಹೊತ್ತಿನಲ್ಲಿ ಪ್ರಶ್ನೆಯ ತೂಕ ಇನ್ನಷ್ಟು ಹೆಚ್ಚಿದೆ.

ಟೂನ್‌ಟೌನ್‌ನ ಕಥೆ ಸರಳವಾದುದು. ವ್ಯಂಗ್ಯಚಿತ್ರಗಳ ನಾಯಿ, ಬೆಕ್ಕು, ಬಾತುಕೋಳಿಗಳಂತಹ ಪ್ರಾಣಿಗಳು ವಾಸಿಸುವ ನಗುಮುಖದ ಊರದು. ಅದನ್ನು ವಶಪಡಿಸಿಕೊಳ್ಳಲು ‘ಕಾಗ್’ಗಳೆಂಬ ಕೋಟು ತೊಟ್ಟ ಯಂತ್ರಮಾನವರು ಬರುತ್ತಾರೆ. ಮಾರಾಟ, ಹಣಕಾಸು, ಕಾನೂನು, ಆಡಳಿತ ಎಂಬ ನಾಲ್ಕು ವಿಭಾಗಗಳ ಈ ಅಧಿಕಾರಿಗಳಿಗೆ ಊರಿನ ಅಂಗಡಿಗಳನ್ನೆಲ್ಲ ಬೂದುಬಣ್ಣದ ಕಚೇರಿಗಳನ್ನಾಗಿ ಪರಿವರ್ತಿಸುವುದೇ ಕೆಲಸ. ಅವರಿಗೆ ತಮಾಷೆ ಸಹಿಸಲಾಗದು. ಆದ್ದರಿಂದ ಮಕ್ಕಳ ಕೈಯಲ್ಲಿರುವ ಆಯುಧಗಳೆಂದರೆ ಕೆನೆ ಮೆತ್ತಿದ ಕಡುಬು, ನೀರು ಚಿಮ್ಮುವ ಹೂವು, ಬಾಳೆಹಣ್ಣಿನ ಸಿಪ್ಪೆ. ಸೋತವರು ಇಲ್ಲಿ ಸಾಯುವುದಿಲ್ಲ. ನಗು ಬರಿದಾಗಿ, ಮುಖ ಸಪ್ಪೆ ಮಾಡಿಕೊಂಡು ಆಟದ ಬಯಲಿಗೆ ಹಿಂದಿರುಗುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ಇದ್ದರೆ ನಗು ಮತ್ತೆ ತುಂಬಿಕೊಳ್ಳುತ್ತದೆ.

ಈ ಆಟದ ನಿಯಮಗಳ ಒಳಗೆ ಒಂದು ನೀತಿಯೂ ಅಡಗಿತ್ತು. ಬಾಡಿದ ನಗುವನ್ನು ಮರಳಿ ಅರಳಿಸುವ ಒಂದು ವಿದ್ಯೆ ಆಟಗಾರರಿಗೆ ಲಭ್ಯವಿತ್ತು. ಆದರೆ ಅದನ್ನು ಇತರರ ಮೇಲೆ ಪ್ರಯೋಗಿಸಬಹುದಿತ್ತೇ ಹೊರತು ತನ್ನ ಮೇಲಲ್ಲ. ಕಾಗ್‌ಗಳ ದೊಡ್ಡ ಕಟ್ಟಡಗಳನ್ನು ಗೆಲ್ಲಲು ನಾಲ್ವರು, ಅವರ ಮುಖ್ಯಸ್ಥರನ್ನು ಸೋಲಿಸಲು ಎಂಟು ಜನರವರೆಗೆ ಒಟ್ಟಾಗಬಹುದಿತ್ತು. ಒಬ್ಬಂಟಿಯಾಗಿ ಬಹಳ ದೂರ ಸಾಗಲು ಆಗುತ್ತಿರಲಿಲ್ಲ. ಒಂದು ಖಾತೆಯಲ್ಲಿ ಆರು ಪಾತ್ರಗಳಿಗೆ ಅವಕಾಶವಿದ್ದು, ಆ ಆರಕ್ಕೂ ಒಂದೇ ಅಂಗಳದ ಸುತ್ತ ಆರು ಮನೆಗಳಿದ್ದವು. ಅಣ್ಣ, ತಂಗಿ, ಅಮ್ಮ ಎಲ್ಲರೂ ಅಕ್ಕಪಕ್ಕದಲ್ಲೇ ಮನೆ ಮಾಡಬಹುದಾದ ಒಂದು ಪುಟ್ಟ ಕೂಡುಕುಟುಂಬವೇ ಅದು. ಮನೆಗೆ ಬೇಕಾದ ಪೀಠೋಪಕರಣಗಳನ್ನು ಕೊಳ್ಳಲು, ಆಡಿ ಗಳಿಸಿದ ಜೆಲ್ಲಿ ಮಿಠಾಯಿಯೇ ನಾಣ್ಯ.

ಇಷ್ಟೂ ಸಂಸ್ಥೆ ಕಟ್ಟಿಕೊಟ್ಟದ್ದು. ಇದರ ಮೇಲೆ ಮಕ್ಕಳು ಏನನ್ನು ಕಟ್ಟಿದರು ಎಂಬುದು ಹೆಚ್ಚು ಕುತೂಹಲಕರ.

ಅಮೆರಿಕದಲ್ಲಿ 1998ರಲ್ಲಿ ರೂಪುಗೊಂಡು 2000ದಲ್ಲಿ ಜಾರಿಗೆ ಬಂದ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯ್ದೆಯು ಹದಿಮೂರು ವರ್ಷದೊಳಗಿನವರ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಕೂಡದೆಂದು ವಿಧಿಸಿತು. ಅಪರಿಚಿತರ ಭಯವಂತೂ ಇದ್ದೇ ಇತ್ತು. ಹೀಗಾಗಿ ಟೂನ್‌ಟೌನ್‌ನಲ್ಲಿ ಮನಬಂದಂತೆ ಬರೆದು ಮಾತನಾಡುವಂತಿರಲಿಲ್ಲ. ‘ಸ್ಪೀಡ್‌ಚಾಟ್’ ಎಂಬ ಪಟ್ಟಿಯಲ್ಲಿ ಮೊದಲೇ ಸಿದ್ಧಪಡಿಸಿದ ವಾಕ್ಯಗಳಿದ್ದವು. ಅವುಗಳಲ್ಲಿ ಒಂದನ್ನು ಆರಿಸಿ ಒತ್ತಬೇಕಿತ್ತು. ನಿಜಜೀವನದಲ್ಲಿ ಪರಸ್ಪರ ಬಲ್ಲವರು ಮಾತ್ರ ಒಂದು ಗುಪ್ತಸಂಖ್ಯೆಯನ್ನು ಆಟದ ಹೊರಗೆ ವಿನಿಮಯ ಮಾಡಿಕೊಂಡು ಮುಕ್ತವಾಗಿ ಮಾತನಾಡಬಹುದಿತ್ತು. ಸಂಖ್ಯೆಯನ್ನು ಆಟದೊಳಗೆ ಹೇಳಿಕೊಳ್ಳಲು ಯಾವ ವಾಕ್ಯವೂ ಪಟ್ಟಿಯಲ್ಲಿರಲಿಲ್ಲ. ಗೋಡೆ ಭದ್ರವಾಗಿಯೇ ಇತ್ತು.

ಮಕ್ಕಳು ಆ ಗೋಡೆಯನ್ನು ತಮ್ಮ ಮನೆಯ ಪೀಠೋಪಕರಣಗಳಿಂದ ದಾಟಿದರು. ಗೆಳೆಯನನ್ನು ಮನೆಗೆ ಕರೆಯುವುದು, ಅವನು ನೋಡುತ್ತಿದ್ದಂತೆ ಸಾಮಾನುಗಳನ್ನು ಅತ್ತಿತ್ತ ಸರಿಸಿ ಜೋಡಿಸಿ ಅಕ್ಷರಗಳನ್ನೂ ಅಂಕಿಗಳನ್ನೂ ಮೂಡಿಸುವುದು, ಹಾಗೆ ಒಂದೊಂದಾಗಿ ಗುಪ್ತಸಂಖ್ಯೆಯನ್ನು ದಾಟಿಸುವುದು. ಆನ್‌ಲೈನ್ ಸಮುದಾಯಗಳ ವಿನ್ಯಾಸದಲ್ಲಿ ಹೆಸರಾದ ರ‍್ಯಾಂಡಿ ಫಾರ್ಮರ್ ಇದನ್ನು ದಾಖಲಿಸಿದ್ದಾರೆ. ಇದಕ್ಕೂ ಮುನ್ನ ಡಿಸ್ನಿಯಲ್ಲಿ ನಡೆದ ಒಂದು ಪ್ರಯೋಗದಲ್ಲಿ, ನಿರುಪದ್ರವಿ ಪದಗಳನ್ನಷ್ಟೇ ಕೊಟ್ಟು ವಾಕ್ಯ ರಚಿಸಲು ಹೇಳಿದಾಗ ಹದಿಹರೆಯದ ಹುಡುಗನೊಬ್ಬ ಕೆಲವೇ ನಿಮಿಷಗಳಲ್ಲಿ ಅಶ್ಲೀಲ ವಾಕ್ಯವೊಂದನ್ನು ಹೊಸೆದ ಕಥೆಯನ್ನೂ ಅವರು ಹೇಳಿದ್ದಾರೆ. ನಗು ತರಿಸುವ ಈ ಪ್ರಸಂಗಗಳಲ್ಲಿ ಎರಡು ಪಾಠಗಳಿವೆ. ಮಕ್ಕಳ ಕಲ್ಪನೆ ಕಟ್ಟಿನೊಳಗೂ ದಾರಿ ಹುಡುಕಿಕೊಳ್ಳುತ್ತದೆ ಎಂಬುದು ಒಂದು. ಮಗು ಹುಡುಕಿದ ಅದೇ ಕಿಂಡಿಯಿಂದ ದುರುದ್ದೇಶದ ಹಿರಿಯನೂ ಒಳನುಸುಳಬಲ್ಲ ಎಂಬುದು ಇನ್ನೊಂದು. ಗೋಡೆ ಬೇಕು, ಆದರೆ ಗೋಡೆಯನ್ನಷ್ಟೇ ನಂಬಿ ಹಿರಿಯರು ಮೈಮರೆಯುವಂತಿಲ್ಲ.

ಆಟಗಾರರ ಸೃಷ್ಟಿಶೀಲತೆ ಕಳ್ಳದಾರಿಗಷ್ಟೇ ಸೀಮಿತವಾಗಿರಲಿಲ್ಲ. ನಗುವಿನ ಮಿತಿಯನ್ನು ಏರಿಸಿಕೊಳ್ಳುತ್ತ ಹೋಗುವುದೇ ಆಟದ ಸಹಜ ಗತಿಯಾಗಿದ್ದರೆ, ಬೇಕೆಂದೇ ಅದನ್ನು ಕಡಿಮೆ ಇಟ್ಟುಕೊಂಡು ಕಠಿಣ ಹೋರಾಟಗಳನ್ನು ಗೆಲ್ಲುವ ಒಂದು ಪಂಥವೇ ಹುಟ್ಟಿಕೊಂಡಿತು. ಆ ನಿಯಮವನ್ನು ಯಾವ ಸಂಸ್ಥೆಯೂ ಬರೆದಿರಲಿಲ್ಲ. ನಮ್ಮ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳ ನಿಯಮಗಳು ಬೀದಿಯಿಂದ ಬೀದಿಗೆ ಬದಲಾಗುವುದೂ ಹೀಗೆಯೇ. ಆಡುವವರೇ ಶಾಸನಕಾರರು. ವ್ಯತ್ಯಾಸ ಒಂದೇ: ಲಗೋರಿಯ ಕಲ್ಲುಗಳಿಗೆ ಮಾಲೀಕನಿಲ್ಲ, ಟೂನ್‌ಟೌನ್‌ನ ಕೀಲಿಕೈ ಮಾತ್ರ ಸಂಸ್ಥೆಯ ಜೇಬಿನಲ್ಲಿತ್ತು.

ಆ ಕೀಲಿಕೈ ತಿರುಗಿದಾಗ ಆರು ಮನೆಗಳ ಅಂಗಳ, ಸಾಕಿದ ನಾಯಿಮರಿ, ನೆಟ್ಟ ಗಿಡ, ಗೆಳೆಯರ ಪಟ್ಟಿ ಎಲ್ಲವೂ ಅಳಿದವು. ಕೋಟುಧಾರಿಗಳಿಂದ ಊರನ್ನು ಉಳಿಸುವ ಆಟವನ್ನು ಕೊನೆಗೂ ಮುಗಿಸಿದ್ದು ಕೋಟುಧಾರಿಗಳೇ ಎಂಬ ವ್ಯಂಗ್ಯ ಯಾರಿಗೂ ಹೊಳೆಯದಿರಲಿಲ್ಲ. ಇದು ಒಂಟಿ ಪ್ರಕರಣವೂ ಅಲ್ಲ. ಮಕ್ಕಳನ್ನೇ ಗುರಿಯಾಗಿಸಿಕೊಂಡ ‘ಫ್ರೀ ರೆಲ್ಮ್ಸ್’ ಎಂಬ ಕಾಲ್ಪನಿಕ ಲೋಕ 2009ರಲ್ಲಿ ತೆರೆದು 2014ರಲ್ಲಿ ಮುಚ್ಚಿತು. ಕೆನಡಾದ ಕೆಲೋನಾದಲ್ಲಿ 2005ರಲ್ಲಿ ಹುಟ್ಟಿ, 2007ರಲ್ಲಿ ಡಿಸ್ನಿಯ ಪಾಲಾದ ‘ಕ್ಲಬ್ ಪೆಂಗ್ವಿನ್’ 2017ರ ಮಾರ್ಚ್‌ನಲ್ಲಿ ಕೊನೆಗೊಂಡಿತು.

ಆದರೆ ಟೂನ್‌ಟೌನ್‌ನ ನಿವಾಸಿಗಳು ಕೈಕಟ್ಟಿ ಕೂರಲಿಲ್ಲ. ಹಳೆಯ ಆಟಗಾರರ ಗುಂಪೊಂದು 2013ರಲ್ಲೇ ‘ಟೂನ್‌ಟೌನ್ ರೀರಿಟನ್’ ಎಂಬ ಹೆಸರಿನಲ್ಲಿ ಊರನ್ನು ಮರುನಿರ್ಮಿಸಲು ತೊಡಗಿತು. ಚಂದಾ ಇಲ್ಲ, ಜಾಹೀರಾತಿಲ್ಲ. ಸ್ವಯಂಸೇವಕರ ಶ್ರಮವೇ ಬಂಡವಾಳ. ಇದು ಸಾಧ್ಯವಾದುದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಟೂನ್‌ಟೌನ್ ನಿಂತಿದ್ದ ‘ಪಾಂಡಾ ತ್ರೀಡಿ’ ಎಂಬ ತಂತ್ರಾಂಶದ ತಳಹದಿಯನ್ನು ಡಿಸ್ನಿ 2002ರಲ್ಲೇ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತ್ತು. ಸಂಸ್ಥೆಯೊಂದು ಹಿಂದೊಮ್ಮೆ ತೋರಿದ ಔದಾರ್ಯವೇ ಅದು ಕೆಡವಿದ ಊರನ್ನು ಮತ್ತೆ ಕಟ್ಟಲು ನೆರವಾಯಿತು. ಹೀಗಿದ್ದೂ ಈ ಮರುಹುಟ್ಟು ಡಿಸ್ನಿಯ ಅಧಿಕೃತ ಯೋಜನೆಯಲ್ಲ. ಒಂದು ಕಾನೂನು ಪತ್ರ ಬಂದರೆ ಎಲ್ಲವೂ ನಿಲ್ಲಬಹುದಾದ ಅನಿಶ್ಚಿತತೆಯಲ್ಲೇ ಇಂತಹ ಯತ್ನಗಳು ಬದುಕಬೇಕಾಗುತ್ತದೆ.

ಅನಧಿಕೃತ ಮರುಹುಟ್ಟುಗಳೆಲ್ಲವೂ ಇಷ್ಟು ಸ್ವಚ್ಛವಾಗಿರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕ್ಲಬ್ ಪೆಂಗ್ವಿನ್‌ನ ಅನಧಿಕೃತ ಪ್ರತಿಯೊಂದರಲ್ಲಿ ಅಶ್ಲೀಲ ಸಂದೇಶಗಳು ಹರಿದಾಡುತ್ತಿದ್ದುದನ್ನು 2020ರ ಮೇ ತಿಂಗಳಲ್ಲಿ ಬಿಬಿಸಿ ಬಯಲಿಗೆಳೆಯಿತು. ಡಿಸ್ನಿ ಅದನ್ನು ಮುಚ್ಚಿಸಿತು. ಆ ಕ್ರಮ ಸರಿಯಾದದ್ದೇ. ಆದರೆ ಅದರಿಂದ ಕಲಿಯಬೇಕಾದ ಪಾಠ ‘ಎಲ್ಲವನ್ನೂ ಮುಚ್ಚಿ’ ಎಂಬುದಲ್ಲ. ಮಕ್ಕಳು ಪ್ರೀತಿಸಿದ ಜಾಗವನ್ನು ಅನಾಥವಾಗಿ ಬಿಟ್ಟರೆ ಅದನ್ನು ಯಾರು ಬೇಕಾದರೂ ಆಕ್ರಮಿಸಿಕೊಳ್ಳಬಹುದು ಎಂಬುದು ಪಾಠ. ಜವಾಬ್ದಾರಿಯುಳ್ಳ ಸಮುದಾಯಕ್ಕೆ ಷರತ್ತುಬದ್ಧವಾಗಿ, ಕಾನೂನಿನ ಬೆಳಕಿನಲ್ಲಿ ಅದನ್ನು ಒಪ್ಪಿಸುವುದೇ ಹೆಚ್ಚು ಸುರಕ್ಷಿತ.

ಇದು ಕೇವಲ ಆದರ್ಶದ ಮಾತಲ್ಲ. ದಕ್ಷಿಣ ಕೊರಿಯಾದ ಎನ್‌ಸಿಸಾಫ್ಟ್ ಸಂಸ್ಥೆ 2012ರಲ್ಲಿ ‘ಸಿಟಿ ಆಫ್ ಹೀರೋಸ್’ ಎಂಬ ಆಟವನ್ನು ಮುಚ್ಚಿತ್ತು. ಅದನ್ನು ಅಭಿಮಾನಿಗಳು ‘ಹೋಮ್‌ಕಮಿಂಗ್’ ಎಂಬ ಹೆಸರಿನಲ್ಲಿ ನಡೆಸುತ್ತಿದ್ದರು. 2024ರ ಜನವರಿಯಲ್ಲಿ ಸಂಸ್ಥೆಯೇ ಅವರಿಗೆ ಅಧಿಕೃತ ಪರವಾನಗಿ ನೀಡಿತು. ಆ ಆಟ ಮಕ್ಕಳಿಗಷ್ಟೇ ಸೇರಿದ್ದಲ್ಲವಾದರೂ, ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಸಾಕ್ಷಿ. ಅಮೆರಿಕದ ಕೃತಿಸ್ವಾಮ್ಯ ಕಚೇರಿ 2018ರಲ್ಲಿ, ಮುಚ್ಚಿಹೋದ ಆನ್‌ಲೈನ್ ಆಟಗಳನ್ನು ಗ್ರಂಥಾಲಯ ಹಾಗೂ ವಸ್ತುಸಂಗ್ರಹಾಲಯಗಳು ಕೆಲವು ಮಿತಿಗಳೊಳಗೆ ಸಂರಕ್ಷಿಸಲು ಅವಕಾಶ ಕೊಟ್ಟಿತು. ಗ್ರಾಹಕನಿಗೆ ಮಾರುತ್ತಿರುವುದು ಒಡೆತನವಲ್ಲ, ಬಳಕೆಯ ಪರವಾನಗಿ ಮಾತ್ರ ಎಂದು ಮಾರಾಟಗಾರರು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿತು. ಹಣ ಕೊಟ್ಟು ಕೊಂಡ ಆಟಗಳನ್ನು ಸಂಸ್ಥೆಗಳು ನಿರುಪಯುಕ್ತಗೊಳಿಸಬಾರದೆಂದು ಯೂರೋಪಿನಲ್ಲಿ ನಡೆದ ಸಹಿ ಸಂಗ್ರಹ 2025ರಲ್ಲಿ ಹತ್ತು ಲಕ್ಷದ ಗಡಿ ದಾಟಿತು.

ನಮ್ಮಲ್ಲಿ ಈ ಚರ್ಚೆ ಆರಂಭವೇ ಆದಂತಿಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳಿಗೆ ಉತ್ತೇಜನದ ಮಾತಾಡಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದಿತು. ಎರಡೂ ಅಗತ್ಯವಾದವೇ. ಆದರೆ ಒಂದು ಕಾಯ್ದೆ ಮನೆಯವರ ಹಣವನ್ನು ಕಾಯುತ್ತದೆ, ಇನ್ನೊಂದು ಮಗುವಿನ ಮಾಹಿತಿಯನ್ನು. ಮಗು ಆಡುತ್ತ ಆಡುತ್ತ ಕಟ್ಟಿದ್ದನ್ನು ಕಾಯುವವರು ಯಾರು? ಕರ್ನಾಟಕ ಸರ್ಕಾರ 2024ರಲ್ಲಿ ಆ್ಯನಿಮೇಷನ್ ಹಾಗೂ ಗೇಮಿಂಗ್ ಉದ್ಯಮಕ್ಕೆಂದೇ ಐದು ವರ್ಷಗಳ ನೀತಿಯನ್ನು ಪ್ರಕಟಿಸಿದೆ. ಸಾರ್ವಜನಿಕ ಹಣದಿಂದ ಪ್ರೋತ್ಸಾಹ ಪಡೆಯುವ ಸಂಸ್ಥೆ ಮಕ್ಕಳಿಗಾಗಿ ಆನ್‌ಲೈನ್ ಲೋಕವೊಂದನ್ನು ತೆರೆದಾಗ ಅದಕ್ಕೆ ಕೆಲವು ಷರತ್ತುಗಳನ್ನು ವಿಧಿಸುವ ಹಕ್ಕು ಸರ್ಕಾರಕ್ಕಿದೆ.

ಆ ಷರತ್ತುಗಳು ದುಬಾರಿಯಾಗಬೇಕಿಲ್ಲ. ಮುಚ್ಚುವ ಮುನ್ನ ಕನಿಷ್ಠ ಆರು ತಿಂಗಳ ಸೂಚನೆ ಇರಲಿ. ಮಗು ತನ್ನ ಪಾತ್ರ, ಮನೆ, ರಚನೆಗಳ ಚಿತ್ರಗಳನ್ನಾದರೂ ಜತೆಗೆ ಒಯ್ಯಲಿ. ಪೋಷಕರ ಒಪ್ಪಿಗೆಯಿದ್ದರೆ ಗೆಳೆಯರು ಬೇರೆಡೆ ಭೇಟಿಯಾಗಲು ದಾರಿ ಇರಲಿ. ಸಂಸ್ಥೆಗೆ ಬೇಡವಾದ ಲೋಕವನ್ನು, ಲಾಭ ಮಾಡಬಾರದು ಮತ್ತು ಮಕ್ಕಳ ಸುರಕ್ಷತೆಗೆ ಹೊಣೆಗಾರರಿರಬೇಕು ಎಂಬ ಕಟ್ಟುಪಾಡಿನೊಂದಿಗೆ, ನಡೆಸಲು ಮುಂದೆ ಬರುವ ಸಮುದಾಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಲಿ. ಪಾತ್ರಗಳ ಮೇಲಿನ ಸ್ವಾಮ್ಯ ಸಂಸ್ಥೆಯಲ್ಲೇ ಉಳಿಯಲಿ. ಯಾರೂ ಅದನ್ನು ಕಸಿಯಬೇಕಿಲ್ಲ. ಸರ್ವರ್‌ಗಳನ್ನು ನಷ್ಟದಲ್ಲೇ ನಡೆಸುತ್ತಿರಿ ಎಂದು ಒತ್ತಾಯಿಸುವುದೂ ನ್ಯಾಯವಲ್ಲ.

ಮಕ್ಕಳು ಪರದೆ ಬಿಟ್ಟು ಮೈದಾನಕ್ಕೆ ಹೋಗಲಿ, ಈ ರಗಳೆಯೇ ಬೇಡ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮೈದಾನಗಳೂ ತಾವಾಗಿಯೇ ಉಳಿದವಲ್ಲ. ಅವು ಒತ್ತುವರಿಯಾಗತೊಡಗಿದಾಗ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣೆಗಾಗಿ 1985ರಲ್ಲಿ ಕರ್ನಾಟಕ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಮಕ್ಕಳು ಆಡುವ ಜಾಗದ ಬೆಲೆಯನ್ನು ಚದರಡಿಯ ಲೆಕ್ಕದಲ್ಲಿ ಅಳೆಯಲಾಗದು ಎಂಬ ವಿವೇಕ ಆ ಕಾಯ್ದೆಯ ಹಿಂದಿದೆ. ನೆಲದ ಮೇಲಿನ ಬಯಲಿಗೆ ಅನ್ವಯಿಸಿದ ವಿವೇಕವನ್ನು ಪರದೆಯೊಳಗಿನ ಬಯಲಿಗೂ ವಿಸ್ತರಿಸುವುದು ಅಸಾಧ್ಯವೇನಲ್ಲ.

ಟೂನ್‌ಟೌನ್‌ನಲ್ಲಿ ಅಂದು ಆಡಿದ ಮಕ್ಕಳು ಇಂದು ಬೆಳೆದು ದೊಡ್ಡವರಾಗಿದ್ದಾರೆ. ತಮ್ಮ ಕಿರಿಯರಿಗಾಗಿ ಅದೇ ಊರಿನ ದೀಪವನ್ನು ಕಾಸಿಲ್ಲದೆ ಉರಿಸುತ್ತಿರುವವರಲ್ಲಿ ಅವರೂ ಇದ್ದಾರೆ. ತನ್ನ ನಗುವನ್ನು ತಾನೇ ಅರಳಿಸಿಕೊಳ್ಳಲಾಗದು, ಇನ್ನೊಬ್ಬರ ನಗುವನ್ನಷ್ಟೇ ಅರಳಿಸಬಹುದು ಎಂಬ ಆಟದ ನಿಯಮವನ್ನು ಅವರು ಮರೆತಿಲ್ಲ. ಉದ್ಯಮವೂ ಸರ್ಕಾರವೂ ಅವರಿಂದ ಅಷ್ಟನ್ನು ಕಲಿತರೆ ಸಾಕು.