ರಂಜಾನ್ ಸಫಾಯಿ: ವಾರವನ್ನೂ ಹಂಚೋಣ, ಕೈಯನ್ನೂ ಹಂಚೋಣ

2025ರ ಫೆಬ್ರವರಿ 23, ಭಾನುವಾರ. ದುಬೈನಲ್ಲಿ ಭಾರತ-ಪಾಕಿಸ್ತಾನ ಚಾಂಪಿಯನ್ಸ್ ಟ್ರೋಫಿ ಪಂದ್ಯ. ಕೊಹ್ಲಿ ಶತಕ ಹೊಡೆದ ದಿನ ಎಂದರೆ ನಿಮಗೆಲ್ಲ ನೆನಪಾಗುತ್ತದೆ. ನನಗೆ ಆ ದಿನ ಬೇರೆ ಕಾರಣಕ್ಕೂ ನೆನಪಿದೆ. ನಾನು ಟಿವಿ ಮುಂದೆ ಕುಳಿತಿದ್ದೆ. ಹಿತ್ತಲಲ್ಲಿ ನನ್ನ ಆಪಾ ಅಟ್ಟದಿಂದ ಇಳಿಸಿದ ದೊಡ್ಡ ಪಾತ್ರೆಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದಳು. ಮಾರ್ಚ್ 1ಕ್ಕೆ ಅವಳ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆ ಶುರು. ಮಾರ್ಚ್ 2ಕ್ಕೆ ಮೊದಲ ರೋಜಾ. ನಡುವೆ ಉಳಿದಿದ್ದು ಆರು ದಿನ.

ಆ ಆರು ದಿನ ನಮ್ಮ ಮನೆಯಲ್ಲಿ ‘ರಂಜಾನ್ ಸಫಾಯಿ’ ನಡೆಯಿತು. ಅಟ್ಟ, ಟ್ರಂಕು, ಕಪಾಟು, ರಜಾಯಿ, ಫ್ಯಾನು, ಕಿಟಕಿ, ಬಚ್ಚಲು, ಎಲ್ಲವೂ ಒಂದೇ ವಾರದಲ್ಲಿ. ಅಮ್ಮಿ ಮತ್ತು ಆಪಾ ಬೆಳಗಿನಿಂದ ರಾತ್ರಿಯವರೆಗೆ ದುಡಿದರು. ನಾನು ಆಗ ಪ್ರಥಮ ಪಿಯು. ‘ಓದುತ್ತೇನೆ’ ಎಂದು ಹೇಳಿ ಟೆರೇಸಿಗೆ ಹೋಗುತ್ತಿದ್ದೆ. ಮೊಬೈಲೂ ಜೊತೆಗೆ ಬರುತ್ತಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಕರೆಯಬಹುದು ಎಂದು ಯಾರಿಗೂ ಹೊಳೆಯಲೂ ಇಲ್ಲ, ನನಗೂ ಹೊಳೆಯಲಿಲ್ಲ.

ಮಾರ್ಚ್ 1ರಂದು ಆಪಾ ಕನ್ನಡ ಪತ್ರಿಕೆ ಬರೆದು ಬಂದಳು. ಸಂಜೆ ಚಂದ್ರ ನೋಡಲು ಓಣಿಯ ಜನರೆಲ್ಲ ಟೆರೇಸ್ ಹತ್ತಿದರು. ಅಮ್ಮಿ ಮಾತ್ರ ಹತ್ತಲಿಲ್ಲ. ಕೆಳಗೆ ಗೋಡೆಗೆ ಒರಗಿ ಮೊಣಕಾಲಿಗೆ ಬಾಮ್ ಹಚ್ಚಿಕೊಳ್ಳುತ್ತಿದ್ದರು. ‘ನೀವು ನೋಡಿದ್ರೆ ನಾನು ನೋಡಿದ ಹಾಗೇ ಬೇಟಾ’ ಎಂದರು. ಮನೆ ಹೊಳೆಯುತ್ತಿತ್ತು. ಹೊಳೆಯುವಂತೆ ಮಾಡಿದವರಿಗೆ ನಿಲ್ಲುವ ಶಕ್ತಿ ಇರಲಿಲ್ಲ.

ಆಪಾ ಪಾಸಾದಳು. ಅವಳು ಅಂದುಕೊಂಡಷ್ಟು ಅಂಕ ಬರಲಿಲ್ಲ. ನಾನು ಸಮಾಧಾನ ಹೇಳಲು ಹೋದಾಗ ಅವಳು ಹೇಳಿದ ಮಾತು ಇದು: ‘ಅಂಕ ಕಡಿಮೆ ಬಂದಿದ್ದು ಸಫಾಯಿಯಿಂದ ಅಂತ ನಾನು ಹೇಳಲ್ಲ. ಆದ್ರೆ ಆ ಆರು ದಿನ ನಿನಗೂ ನನಗೂ ಒಂದೇ ಥರ ಇರಲಿಲ್ಲ.’

ಈ ಮಾತು ಪೂರ್ತಿ ಅರ್ಥವಾಗಿದ್ದು ಈ ನವೆಂಬರಿನಲ್ಲಿ. ಈಗ ನಾನು ದ್ವಿತೀಯ ಪಿಯು. ನಮ್ಮ ಪರೀಕ್ಷೆ 2026ರ ಫೆಬ್ರವರಿ 28ಕ್ಕೆ ಶುರು. ಫೆಬ್ರವರಿ 18, 19ರ ಸುಮಾರಿಗೆ ರಂಜಾನ್ ಬರುತ್ತದೆ. ಒಂದು ರಾತ್ರಿ ಊಟದ ಹೊತ್ತಿಗೆ ಅಬ್ಬಾ ಹೇಳಿದರು: ‘ಈ ಸಲ ಹುಡುಗನ ಪರೀಕ್ಷೆ ಇದೆ. ಸಫಾಯಿ ಗದ್ದಲದಲ್ಲಿ ಅವನಿಗೆ ತೊಂದರೆ ಆಗಬಾರದು.’ ಆಪಾ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಪರೀಕ್ಷೆ ಅದೇ, ಮನೆ ಅದೇ, ಧೂಳೂ ಅದೇ. ಆದರೆ ಹೋದ ಸಲ ಈ ಮಾತನ್ನು ಯಾರೂ ಆಡಿರಲಿಲ್ಲ.

ಅಂದೇ ನಾನು ಒಂದು ಸಲಹೆ ಕೊಟ್ಟೆ. ಎಲ್ಲ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುವುದು ಬೇಡ; ಚಳಿಗಾಲದ ಭಾನುವಾರಗಳಿಗೆ ಹಂಚೋಣ, ಒಂದು ಭಾನುವಾರಕ್ಕೆ ಎರಡು ಗಂಟೆ ಮಾತ್ರ. ವಾಣಿಜ್ಯ ಓದುವವರಿಗೆ ಇದು ಹೊಸ ವಿಷಯವಲ್ಲ. ಹತ್ತು ವರ್ಷ ನಡೆಯುವ ಯಂತ್ರದ ಬೆಲೆಯನ್ನು ನಾವು ಒಂದೇ ವರ್ಷದ ಖರ್ಚಿಗೆ ಹಾಕುವುದಿಲ್ಲ. ಸವಕಳಿ ಎಂದು ಪ್ರತಿ ವರ್ಷ ಸಮ ಕಂತಿನಲ್ಲಿ ಬರೆಯುತ್ತೇವೆ. ಧೂಳು ವರ್ಷವಿಡೀ ಕೂರುತ್ತದೆ. ಅದರ ಖರ್ಚನ್ನು ಮಾತ್ರ ಒಂದೇ ವಾರಕ್ಕೆ, ಇಬ್ಬರ ಹೆಸರಿಗೆ ಯಾಕೆ ಬರೆಯಬೇಕು?

ನನ್ನ ಸಲಹೆಗೆ ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದೆ. ಆಪಾ ಕೇಳಿದಳು: ‘ಹಂಚೋದು ಅಂದ್ರೆ ವಾರ ಹಂಚೋದಾ, ಕೈ ಹಂಚೋದಾ?’

ಈ ಪ್ರಶ್ನೆಯಲ್ಲೇ ಎಲ್ಲವೂ ಇದೆ. ವಾರವನ್ನು ಮಾತ್ರ ಹಂಚಿದರೆ ಅಮ್ಮಿಗೆ ಆರು ದಿನದ ಆಯಾಸದ ಬದಲು ಹತ್ತು ವಾರದ ಆಯಾಸ ಸಿಗುತ್ತದೆ, ಅಷ್ಟೇ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ನಡೆಸಿತು. ಅದರ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಈ 97 ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ. ಹಾಗೆ ಕೈ ಹಾಕುವವರೇ ನೂರಕ್ಕೆ ಸುಮಾರು 26. ಉಳಿದವರಲ್ಲಿ ಆಗ ನಾನೂ ಒಬ್ಬ. ಈ ದುಡಿಮೆ ಜಿಡಿಪಿ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಅರ್ಥಶಾಸ್ತ್ರ ಪಠ್ಯದಲ್ಲಿ ಓದುತ್ತೇವೆ, ಅದನ್ನು ಪರೀಕ್ಷೆಯಲ್ಲೂ ಬರೆಯುತ್ತೇವೆ. ಮನೆಗೆ ಬಂದು ಅದೇ ದುಡಿಮೆಯ ಊಟ ಮಾಡುತ್ತೇವೆ.

ಅದಕ್ಕೇ ನಾವು ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದೆವು: ತಾರೀಖು, ಕೆಲಸ, ಯಾರು. ನವೆಂಬರ್ 23ಕ್ಕೆ ಶುರು ಮಾಡಿ ಇಲ್ಲಿಯವರೆಗೆ ಐದು ಭಾನುವಾರ ಮುಗಿದಿವೆ. ಮೊದಲ ವಾರ ಅಟ್ಟ, ನನ್ನ ಹೆಸರಿಗೆ. ಅಲ್ಲಿ ಸಿಕ್ಕಿದ್ದು ಹಿಡಿ ಮುರಿದ ಕುಕ್ಕರ್, ಪಾತ್ರೆಯೇ ಇಲ್ಲದ ಎರಡು ಮುಚ್ಚಳ, ನನ್ನ ಮೂರನೇ ತರಗತಿಯ ಪುಸ್ತಕಗಳು. ಎರಡನೇ ವಾರ ಟ್ರಂಕು. ಹಳೆಯ ಸೀರೆಗಳನ್ನು ದಾದಿ ಕೌದಿ ಹೊಲಿಯಲು ಎತ್ತಿಟ್ಟುಕೊಂಡರು. ಈಗ ಬೆಳಗಿನ ಬಿಸಿಲಿಗೆ ಕುಳಿತು ಹೊಲಿಯುತ್ತಿದ್ದಾರೆ. ದಾದಿಯ ಸೂಜಿಗೆ ದಾರ ಪೋಣಿಸುವ ಕೆಲಸವೂ ಹಾಳೆಯಲ್ಲಿ ನನ್ನ ಹೆಸರಿಗೇ ಇದೆ.

ಎಲ್ಲವೂ ಸರಿಯಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ನಾನ್‌ಸ್ಟಿಕ್ ತವೆಗೆ ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜಿ ಅದನ್ನು ಹಾಳು ಮಾಡಿದೆ. ಅದಕ್ಕಿಂತ ದೊಡ್ಡ ತಪ್ಪು ಡಿಸೆಂಬರ್ 14ರದು. ಅಂದು ನನ್ನ ಪಾಲಿಗೆ ದೊಡ್ಡ ಪಾತ್ರೆಗಳಿದ್ದವು. ಗೆಳೆಯರು ಕ್ರಿಕೆಟ್‌ಗೆ ಕರೆದರು, ಹೋದೆ. ಸಂಜೆ ಮಾಡುತ್ತೇನೆ ಅಂದುಕೊಂಡೆ, ಮಾಡಲಿಲ್ಲ. ಸೋಮವಾರ ಕಾಲೇಜಿನಿಂದ ಬಂದಾಗ ಪಾತ್ರೆಗಳೆಲ್ಲ ಹೊಳೆಯುತ್ತ ಸಾಲಾಗಿದ್ದವು. ಅಮ್ಮಿ ಮಾಡಿ ಮುಗಿಸಿದ್ದರು, ಒಂದು ಮಾತೂ ಆಡಿರಲಿಲ್ಲ. ಹಾಳೆಯಲ್ಲಿ ಮಾತ್ರ ನನ್ನ ಹೆಸರೇ ಇತ್ತು. ಆಪಾ ಪೆನ್ನು ತಂದು ಅದನ್ನು ಹೊಡೆದು ‘ಅಮ್ಮಿ’ ಎಂದು ಬರೆದಳು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದರೆ ಲೆಕ್ಕಶಾಸ್ತ್ರದಲ್ಲಿ ಅದು ತಪ್ಪು ನಮೂದು. ನಮ್ಮ ಮನೆಗಳಲ್ಲಿ ಎಷ್ಟು ವರ್ಷದಿಂದ ಈ ತಪ್ಪು ನಮೂದು ನಡೆದಿದೆಯೋ!

ಕೆಲವರು ಕೇಳಬಹುದು, ಅಮ್ಮಿಯೂ ಕೇಳಿದರು: ‘ಡಿಸೆಂಬರಿನಲ್ಲಿ ಒರೆಸಿದರೆ ಫೆಬ್ರವರಿಗೆ ಮತ್ತೆ ಧೂಳು ಕೂರುವುದಿಲ್ಲವೇ?’ ಕೂರುತ್ತದೆ. ಅದಕ್ಕೆ ಉತ್ತರ ಕೆಲಸದ ಕ್ರಮದಲ್ಲಿದೆ. ಮುಚ್ಚಿರುವ ಜಾಗ ಮೊದಲು, ತೆರೆದಿರುವ ಜಾಗ ಕೊನೆಗೆ. ಅಟ್ಟ, ಟ್ರಂಕು, ಕಪಾಟಿನ ಒಳಭಾಗ ಒಮ್ಮೆ ಸ್ವಚ್ಛವಾದರೆ ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಫ್ಯಾನು, ಕಿಟಕಿ, ನೆಲ ಕೊನೆಯ ಎರಡು ವಾರಕ್ಕೆ ಇರಲಿ.

ಚಳಿಗಾಲವೇ ಯಾಕೆ? ನಮ್ಮ ವಿಜಯಪುರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಅಟ್ಟದಲ್ಲಿ ಐದು ನಿಮಿಷ ಕೂರಲೂ ಆಗುವುದಿಲ್ಲ, ತೊಳೆಯಲು ನೀರಿಗೂ ಯೋಚಿಸಬೇಕು. ಮಳೆಗಾಲದಲ್ಲಿ ರಜಾಯಿ ಒಣಗುವುದಿಲ್ಲ. ಈಗಿನ ಒಣ ಬಿಸಿಲಲ್ಲಿ ಗಾದಿ, ದಿಂಬು ಹಾಕಿದರೆ ಒಂದು ದಿನದಲ್ಲಿ ಮುಗ್ಗಲು ವಾಸನೆ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಚಾಂದ್ರ ವರ್ಷ ಚಿಕ್ಕದು, ಸುಮಾರು 354 ದಿನ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2030ರಲ್ಲಿ ಜನವರಿ ಆರಂಭಕ್ಕೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ. ಮುಂದಿನ ಕೆಲವು ವರ್ಷ ನಮ್ಮ ಸಫಾಯಿ ಚಳಿಗಾಲಕ್ಕೇ ಬೀಳುತ್ತದೆ. ಈಗಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಅವಸರದಲ್ಲಿ ಅಪಾಯವೂ ಇದೆ. ಕೊನೆಯ ದಿನ ಬಚ್ಚಲು ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಇವು ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಉಸಿರಿಗೆ ಕುತ್ತು. ಒಂದು ದಿನಕ್ಕೆ ಒಂದನ್ನೇ ಬಳಸಿ, ಬಾಗಿಲು ತೆರೆದಿಡಿ. ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ಫ್ಯಾನ್ ಒರೆಸಲು ಅಮ್ಮಂದಿರನ್ನು ಬಿಡಬೇಡಿ. ನಾವು ಎತ್ತರ ಬೆಳೆದದ್ದು ಯಾವ ಉಪಯೋಗಕ್ಕೆ?

ಇದು ಹುಡುಗರ ಕೆಲಸವಲ್ಲ ಎಂದು ನಮ್ಮ ತರಗತಿಯಲ್ಲೇ ಒಬ್ಬ ನಕ್ಕ. ಅಕ್ಟೋಬರ್ 2ರಂದು ಕಸಬರಿಗೆ ಹಿಡಿದು ಫೋಟೊಕ್ಕೆ ಮೊದಲ ಸಾಲಿನಲ್ಲಿ ನಿಲ್ಲುವವರು ನಾವೇ ಅಲ್ಲವೇ? ಕಾಲೇಜಿನ ಅಂಗಳದಲ್ಲಿ ಗೌರವದ ಕೆಲಸ ಮನೆಯ ಅಂಗಳದಲ್ಲಿ ಅವಮಾನ ಹೇಗಾಗುತ್ತದೆ? ಪ್ರವಾದಿ ಮುಹಮ್ಮದರು (ಸ) ಮನೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು ಎಂದು ಹಝ್ರತ್ ಆಯಿಶಾ (ರ) ಅವರಿಂದ ವರದಿಯಾಗಿದೆ. ಚಿಕ್ಕದಾದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಇಷ್ಟ ಎಂಬ ಹದೀಸನ್ನೂ ನಾವು ಕೇಳಿದ್ದೇವೆ. ರಂಜಾನಿನ ತಯಾರಿಯಲ್ಲಿ ಈ ಎರಡನ್ನೂ ಯಾಕೆ ಮರೆಯುತ್ತೇವೆ?

ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. ನನ್ನ ಪಕ್ಕದ ಬೆಂಚಿನ ಗೆಳೆಯನ ಮನೆಯಲ್ಲಿ ದಸರೆಗೆ ಮೊದಲು ಇದೇ ಗದ್ದಲ. ಎಲ್ಲ ಹಾಸಿಗೆ, ಪಾತ್ರೆ ಹೊರಗೆ ಬರುತ್ತವೆ, ಅವನ ಅವ್ವ ಮತ್ತು ಅಕ್ಕ ಒಳಗೆ ಹೊರಗೆ ಓಡಾಡುತ್ತಾರೆ. ನಮಗೆ ಪಾಠ ಮಾಡುವ ಮೇಡಂಗಳು ಕೂಡ ಸಂಜೆ ಮನೆಗೆ ಹೋಗಿ ಇದೇ ಕೆಲಸಕ್ಕೆ ನಿಲ್ಲುತ್ತಾರೆ. ಹಬ್ಬ ಬೇರೆ ಬೇರೆ, ದುಡಿಯುವ ಕೈ ಎಲ್ಲ ಕಡೆ ಒಂದೇ.

ಹೊಸ ವರ್ಷಕ್ಕೆ ಈ ಸಂಚಿಕೆ ನಿಮ್ಮ ಕೈ ಸೇರಿದರೆ ಇನ್ನೂ ತಡವಾಗಿಲ್ಲ. ಜನವರಿ 4ರಿಂದ ಫೆಬ್ರವರಿ 15ರವರೆಗೆ ಏಳು ಭಾನುವಾರಗಳಿವೆ. ಮೊದಲನೆಯದು ಅಟ್ಟಕ್ಕೆ. ಎರಡನೆಯದು ಟ್ರಂಕು, ಕಪಾಟಿಗೆ. ಬಟ್ಟೆಗಳ ನಡುವೆ ಒಣಗಿದ ಬೇವಿನ ಎಲೆ ಇಡಿ. ಮೂರನೆಯ ವಾರ ಸಿದ್ಧೇಶ್ವರ ಜಾತ್ರೆಯ ಗುಂಗು ಇರುತ್ತದೆ, ರಜೆ ತೆಗೆದುಕೊಳ್ಳಿ. ನಾಲ್ಕನೆಯದು ರಜಾಯಿ, ಗಾದಿಗೆ. ಐದನೆಯದು ಶಬೇ ಬರಾತ್‌ಗೆ ಮೊದಲು ಅಡುಗೆಮನೆ ಡಬ್ಬಿ, ಪಾತ್ರೆಗಳಿಗೆ. ಆರನೆಯದು ಜೇಡರಬಲೆ, ಫ್ಯಾನು, ಕಿಟಕಿಗೆ. ಏಳನೆಯದು ಬಚ್ಚಲು ಮತ್ತು ನೆಲಕ್ಕೆ. ಪ್ರತಿ ಕೆಲಸದ ಮುಂದೆ ಹೆಸರು ಬರೆಯಿರಿ. ಹೆಸರಿಲ್ಲದ ಕೆಲಸ ತಾನಾಗಿಯೇ ಅಮ್ಮಂದಿರ ಪಾಲಿಗೆ ಹೋಗುತ್ತದೆ.

ಪರೀಕ್ಷೆ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ನನಗೂ ಇದೆ. ಆರು ದಿನದ ಕೆಲಸಕ್ಕೆ ಪರೀಕ್ಷೆಯ ನೆಪ ಹೇಳಬಹುದು, ವಾರಕ್ಕೆ ಎರಡು ಗಂಟೆಯ ಕೆಲಸಕ್ಕೆ ಹೇಳಲಾಗುವುದಿಲ್ಲ. ಆ ಎರಡು ಗಂಟೆ ನಾವು ಮೊಬೈಲಿಗೆ ಕೊಡುವುದು ನಮಗೇ ಗೊತ್ತು. ನಿಮ್ಮ ಮನೆಯಲ್ಲಿ ಅಕ್ಕನೋ ತಂಗಿಯೋ ಪರೀಕ್ಷೆಗೆ ಕೂತಿದ್ದರೆ, ‘ಅವಳಿಗೆ ತೊಂದರೆ ಆಗಬಾರದು’ ಎಂಬ ಮಾತನ್ನು ಈ ಸಲ ನೀವೇ ಮೊದಲು ಹೇಳಿ.

ನಮ್ಮ ಹಾಳೆಯಲ್ಲಿ ಮುಂದಿನ ಭಾನುವಾರ ರಜಾಯಿಗಳ ಸರದಿ. ಅಬ್ಬಾ ಮತ್ತು ನಾನು. ಅಬ್ಬಾ ತಮ್ಮ ಹೆಸರನ್ನು ತಾವೇ ಬರೆದರು, ಸ್ವಲ್ಪ ನಾಚಿಕೊಂಡೇ. ಫೆಬ್ರವರಿಯಲ್ಲಿ ಚಂದ್ರ ಕಾಣುವ ಸಂಜೆ ಅಮ್ಮಿಯೂ ನಮ್ಮ ಜೊತೆ ಟೆರೇಸಿನ ಮೇಲೆ ನಿಂತಿರಬೇಕು. ಈ ಯೋಜನೆಯಲ್ಲಿ ಲಾಭವಾಯಿತೋ ನಷ್ಟವಾಯಿತೋ ಎಂದು ನಾನು ಆ ಸಂಜೆ ಲೆಕ್ಕ ಹಾಕುತ್ತೇನೆ.

— ದ್ವಿತೀಯ ಪಿಯು ವಿದ್ಯಾರ್ಥಿ, ವಾಣಿಜ್ಯ ವಿಭಾಗ