ನೆರೆಗೆ ನೆರೆಯವರೇ ಗತಿ. ನಕ್ಷೆಯ ಚುಕ್ಕೆ ಅಳಿಸುವವರಾರು?

ವಿಪತ್ತಿನ ಹೊತ್ತಿನಲ್ಲಿ ಅಂತರಜಾಲ ನಕ್ಷೆಯ ಮೂಲಕ ನೆರೆಹೊರೆಯವರ ನೆರವು ಹೊಂದಿಸುವ ಯತ್ನ ಹೊಸತಲ್ಲ. ಕೀನ್ಯಾದ ಚುನಾವಣೋತ್ತರ ಹಿಂಸಾಚಾರವನ್ನು ಗುರುತಿಸಲು 2008ರಲ್ಲಿ ರೂಪುಗೊಂಡ 'ಉಷಾಹಿದಿ' ತಂತ್ರಾಂಶ 2010ರ ಹೈಟಿ ಭೂಕಂಪದಲ್ಲೂ ಬಳಕೆಯಾಯಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ, ನೀರು ನಿಂತ ರಸ್ತೆಗಳನ್ನು ಜನರೇ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆಯಲ್ಲಿ ಗುರುತಿಸಿದರು.

ಆದರೆ ಪಾಠ ಕಲಿಸಿದ್ದು 2018ರ ಆಗಸ್ಟ್‌ನ ಕೇರಳ. ಸ್ವಯಂಸೇವಕ ತಂತ್ರಜ್ಞರು ರಾಜ್ಯದ ಐಟಿ ಮಿಷನ್ ಜತೆಗೂಡಿ 'ಕೇರಳ ರೆಸ್ಕ್ಯೂ' ತಾಣವನ್ನು ನಿಲ್ಲಿಸಿದರು. ಕೊಲ್ಲಿ ರಾಷ್ಟ್ರಗಳಲ್ಲಿದ್ದ ಮಕ್ಕಳು ಊರಿನ ತಂದೆತಾಯಿಯರ ಪರವಾಗಿ ಮೊರೆ ದಾಖಲಿಸಿದರು. ಒಬ್ಬರ ಮೊರೆಯನ್ನೇ ನಾಲ್ವರು ಬಂಧುಗಳು ಕಳುಹಿಸಿದರೆ ನಾಲ್ಕು ಮೊರೆಗಳಾಗುತ್ತವೆ. ರಕ್ಷಣೆಯಾದ ಬಳಿಕವೂ ಚುಕ್ಕೆ ಹಾಗೆಯೇ ಉಳಿದರೆ ದೋಣಿ ಬರಿದೇ ಸುತ್ತುತ್ತದೆ. ಮೊರೆ ದಾಖಲಿಸುವ ಕೈಗಳು ಸಾವಿರ, ಮುಗಿಯಿತೆಂದು ಅಳಿಸುವ ಕೈಗಳು ಬೆರಳೆಣಿಕೆ. ಫೋನ್ ಹಚ್ಚಿ ವಿಚಾರಿಸುವ ಸ್ವಯಂಸೇವಕನಿಲ್ಲದೆ ಈ ವ್ಯವಸ್ಥೆ ನಡೆಯಲಾರದು. ಕಡಲಿನಿಂದ ದೋಣಿ ತಂದ ಮೀನುಗಾರರಿಗೂ ಒಳನಾಡಿನ ಗಲ್ಲಿ ತೋರಿಸಲು ಸ್ಥಳೀಯರೇ ಬೇಕಿತ್ತು.

ಅದೇ ತಿಂಗಳು ಕೊಡಗಿನಲ್ಲಿ ಗುಡ್ಡ ಕುಸಿದಾಗ ಇನ್ನೊಂದು ಮಿತಿ ಬಯಲಾಯಿತು. ಅಲ್ಲಿ ಮನೆಗಳು ತೋಟಗಳ ನಡುವೆ ಚದುರಿವೆ. ವಿಳಾಸವೆಂದರೆ ಮನೆತನದ ಹೆಸರು. ವಿದ್ಯುತ್ ಹೋದರೆ ಮೊಬೈಲ್ ಟವರ್ ಸಾಯುತ್ತದೆ. ಲೈನ್ ಮನೆಯ ಕೂಲಿಕಾರ್ಮಿಕನ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಅವನ ಚುಕ್ಕೆ ನಕ್ಷೆಗೆ ಬರುವುದೇ ಇಲ್ಲ. ನಕ್ಷೆ ಖಾಲಿಯಿದ್ದ ಕಡೆ ಕಷ್ಟವೂ ಇಲ್ಲವೆಂದು ಅಧಿಕಾರಿಗಳು ಭಾವಿಸಿದರೆ ಅದಕ್ಕಿಂತ ಅಪಾಯ ಬೇರಿಲ್ಲ. (ಖಾಸಗಿತನದ ಪ್ರಶ್ನೆ ಬೇರೆಯೇ ಇದೆ: 2021ರ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ಬಹಿರಂಗವಾಗಿ ಫೋನ್ ಸಂಖ್ಯೆ ಕೊಟ್ಟವರನ್ನು ವಂಚಕರೂ ಹುಡುಕಿ ಬಂದಿದ್ದರು.)

ಕಾನೂನಿನ ನೆಪ ಈಗ ಹೇಳುವಂತಿಲ್ಲ. ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಬೇಕಿಲ್ಲವೆಂದು ಕೇಂದ್ರವು 2021ರ ಫೆಬ್ರವರಿಯಲ್ಲೇ ಸ್ಪಷ್ಟಪಡಿಸಿದೆ. ಮಾಡಬೇಕಾದ ಕೆಲಸ ಮಳೆಗಾಲಕ್ಕೆ ಮುಂಚಿನದು. ತೆಪ್ಪ, ಟ್ರ್ಯಾಕ್ಟರ್, ಜನರೇಟರ್ ಯಾರ ಮನೆಯಲ್ಲಿದೆ, ಎತ್ತರದ ಶಾಲೆ ಯಾವುದು, ಹಾಸಿಗೆ ಹಿಡಿದ ವೃದ್ಧರು ಎಲ್ಲಿದ್ದಾರೆ ಎಂಬುದನ್ನು ಆಶಾ ಕಾರ್ಯಕರ್ತೆಯರೂ ಅಂಚೆಯಣ್ಣನೂ ಬಲ್ಲರು. ಅವರನ್ನು ಕೂರಿಸಿಕೊಂಡು ಗ್ರಾಮ ಪಂಚಾಯಿತಿಗಳು ಮೇ ತಿಂಗಳಲ್ಲೇ ನಕ್ಷೆ ತುಂಬಿಸಲಿ. ವೃದ್ಧರ ವಿವರ ಪಂಚಾಯಿತಿಯ ಕಡತದಲ್ಲಿರಲಿ. ಉಳಿದುದರ ಮುದ್ರಿತ ಪ್ರತಿಯೊಂದನ್ನು ಕಚೇರಿ ಗೋಡೆಗೆ ಅಂಟಿಸಿದರೆ ಟವರ್ ಸತ್ತ ದಿನವೂ ಓದಲು ಸಿಕ್ಕೀತು.