ಬೆಲೆ ಇಳಿದೀತು, ಖರ್ಚು ಇಳಿಯದು

ಸ್ಕೋಡಾ ಕಂಪೆನಿ 2017ರಲ್ಲಿ ಆಕ್ಟೇವಿಯಾ ಆರ್‌ಎಸ್ ಎಂಬ ಕಾರನ್ನು ಭಾರತದ ಮಾರುಕಟ್ಟೆಗೆ ಬಿಟ್ಟಿತು. ಆಗ ಅದರ ಷೋರೂಂ ಬೆಲೆ 24.62 ಲಕ್ಷ ರೂಪಾಯಿ. ನಾಲ್ಕು ಬಾಗಿಲಿನ ಸಂಭಾವಿತ ಕುಟುಂಬದ ಕಾರಿನಂತೆ ಕಂಡರೂ ಬಾನೆಟ್ಟಿನ ಕೆಳಗೆ ಇದ್ದದ್ದು 230 ಅಶ್ವಶಕ್ತಿಯ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ನಿಂತಲ್ಲಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 6.8 ಸೆಕೆಂಡು ಸಾಕೆಂದು ಕಂಪೆನಿ ಹೇಳಿತ್ತು. 2020ರಲ್ಲಿ ಇನ್ನೂ ಹೆಚ್ಚು ಶಕ್ತಿಯ 200 ಕಾರುಗಳು ಬಂದವು, ಬೆಲೆ 35.99 ಲಕ್ಷ. 2025ರ ಅಕ್ಟೋಬರಿನಲ್ಲಿ ಮತ್ತೆ 100 ಕಾರುಗಳು ಬಂದಾಗ ಬೆಲೆ 49.99 ಲಕ್ಷಕ್ಕೆ ಏರಿತ್ತು.

ಇಷ್ಟು ಹಣ ಕೊಟ್ಟು ಹೊಸ ಕಾರು ಕೊಳ್ಳುವುದು ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗನಿಗಾಗಲಿ ಹುಡುಗಿಗಾಗಲಿ ಸಾಧ್ಯವಿಲ್ಲದ ಮಾತು. ಹಾಗಾಗಿ ಕಣ್ಣು ಹೋಗುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯತ್ತ. ಅಲ್ಲಿ ಒಂದು ಕಾಲಕ್ಕೆ ನಲವತ್ತು ಲಕ್ಷ ಬಾಳುತ್ತಿದ್ದ ಜರ್ಮನ್ ಕಾರು, ಹತ್ತು ವರ್ಷ ದಾಟಿದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ಸಿಗುವುದೂ ಉಂಟು. 'ಅಪ್ಪಾ, ಅದೇ ದುಡ್ಡಿಗೆ ಇದು ಬರುತ್ತೆ ನೋಡಿ' ಎಂಬ ಮಾತು ಮನೆಯಲ್ಲಿ ಶುರುವಾಗುವುದು ಇಲ್ಲಿಂದಲೇ.

ಆಸೆ ತಪ್ಪೇನಲ್ಲ. ಇಂಥ ಕಾರುಗಳನ್ನು ಗಟ್ಟಿಯಾಗಿ ಕಟ್ಟಿರುತ್ತಾರೆ, ರಸ್ತೆಯ ಮೇಲೆ ಅವು ಸ್ಥಿರವಾಗಿ ನಿಲ್ಲುತ್ತವೆ. ಆದರೆ ಮಗ ಹೇಳುವ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿರುತ್ತದೆ. ವಯಸ್ಸಾದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ನಲವತ್ತು ಲಕ್ಷದ ಕಾರು ಎಂಟು ಲಕ್ಷಕ್ಕೆ ಬಂದರೂ ಅದಕ್ಕೆ ಬೇಕಾದ ಬ್ರೇಕು, ಟೈರು, ಹೆಡ್‌ಲೈಟು ಇವೆಲ್ಲ ನಲವತ್ತು ಲಕ್ಷದ ಕಾರಿನವೇ. ಆನೆಯನ್ನು ಅಗ್ಗಕ್ಕೆ ತಂದಮಾತ್ರಕ್ಕೆ ಅದು ಮೇವನ್ನು ಕಡಿಮೆ ತಿಂದೀತೆ?

ಪೆಟ್ರೋಲಿನ ಲೆಕ್ಕ

ಮೊದಲು ಎಲ್ಲರಿಗೂ ತಿಳಿಯುವ ಲೆಕ್ಕ. ತಿಂಗಳಿಗೆ 1,000 ಕಿ.ಮೀ. ಓಡಾಟ, ಪೆಟ್ರೋಲು ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ಲೀಟರಿಗೆ 18 ಕಿ.ಮೀ. ಕೊಡುವ ಸಣ್ಣ ಕಾರಿಗೆ ವರ್ಷಕ್ಕೆ ಸುಮಾರು 66,700 ರೂಪಾಯಿ ಬೇಕು. ಊರೊಳಗಿನ ಸಿಗ್ನಲ್ಲುಗಳ ನಡುವೆ 9 ಕಿ.ಮೀ. ಕೊಡುವ ಕಾರಿಗೆ 1,33,300 ರೂಪಾಯಿ. ಇಲ್ಲೇ ಸರಿಸುಮಾರು ಎರಡು ಪಟ್ಟು.

ಇನ್ನೊಂದು ವಿಷಯ ಆಕ್ಟೇನ್. ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಬಹುಕಾಲ 91 ಆಗಿತ್ತು. ಭಾರಿ ಶಕ್ತಿಯ ಟರ್ಬೊ ಎಂಜಿನ್‌ಗಳು ಅನೇಕ ವೇಳೆ 95 ಅಥವಾ ಅದಕ್ಕೂ ಮೇಲಿನದನ್ನು ಕೇಳುತ್ತವೆ. ಕಾರಣ ಸರಳ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲನ್ನು ಹೆಚ್ಚು ಒತ್ತಿದಾಗ ಕಿಡಿ ಹಾರುವ ಮೊದಲೋ ಹೊತ್ತಲ್ಲದ ಹೊತ್ತಿನಲ್ಲೋ ಅದು ತಾನಾಗಿ ಸಿಡಿಯಬಹುದು. ಆಕ್ಟೇನ್ ಸಂಖ್ಯೆ ಹೆಚ್ಚಿದ್ದಷ್ಟೂ ಈ ಸಿಡಿತಕ್ಕೆ ತಡೆ ಹೆಚ್ಚು. ಕಡಿಮೆ ಆಕ್ಟೇನಿನ ಪೆಟ್ರೋಲು ಹಾಕಿದರೆ ಎಂಜಿನ್ನಿನ ಕಂಪ್ಯೂಟರು ಕಿಡಿಯ ಸಮಯವನ್ನು ಹಿಂದೆ ಸರಿಸಿ ಎಂಜಿನ್ನನ್ನು ಕಾಪಾಡುತ್ತದೆ. ಆದರೆ ಶಕ್ತಿಯೂ ಮೈಲೇಜೂ ಕುಗ್ಗುತ್ತವೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುವ ಚೀಟಿಯನ್ನು ಓದಿ. ದುಬಾರಿ ಪೆಟ್ರೋಲು ಬೇಕೋ ಬೇಡವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಟೈರು ಮತ್ತು ಬ್ರೇಕು

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳನ್ನು ವಿದ್ಯಾರ್ಥಿಗಳು ಓದಲು ಕಲಿಯಬೇಕು. '165/80 ಆರ್ 14' ಎಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 80, ಅಂದರೆ 132 ಮಿ.ಮೀ. ಗಾಲಿಯ ವ್ಯಾಸ 14 ಅಂಗುಲ. ವೇಗದ ಕಾರುಗಳಲ್ಲಿ ಕಾಣುವ '225/40 ಆರ್ 18'ರಲ್ಲಿ ಗೋಡೆಯ ಎತ್ತರ ಬರೀ 90 ಮಿ.ಮೀ. ತಿರುವುಗಳಲ್ಲಿ ಇಂಥ ಟೈರು ಅಲುಗುವುದಿಲ್ಲ, ನಿಜ. ಆದರೆ ನಮ್ಮ ರಸ್ತೆಯ ಗುಂಡಿಗೆ ಬಿದ್ದಾಗ ಪೆಟ್ಟನ್ನು ನುಂಗಲು ಅದರಲ್ಲಿ ರಬ್ಬರು ಕಡಿಮೆ. ಗೋಡೆ ಉಬ್ಬುತ್ತದೆ, ಅಲಾಯ್ ಗಾಲಿ ಬಾಗುತ್ತದೆ. ಅಳತೆಯ ನಂತರ ಬರುವ ಅಕ್ಷರ ವೇಗದ ಮಿತಿ ಹೇಳುತ್ತದೆ: ಟಿ ಎಂದರೆ 190 ಕಿ.ಮೀ., ವಿ ಎಂದರೆ 240, ಡಬ್ಲ್ಯು ಎಂದರೆ 270. ಮೇಲಿನ ದರ್ಜೆಗೆ ಹೋದಂತೆ ಬೆಲೆಯೂ ಏರುತ್ತದೆ.

ಗೋಡೆಯ ಮೇಲಿನ ನಾಲ್ಕು ಅಂಕಿಗಳ ಗುರುತನ್ನೂ ನೋಡಿ. '2319' ಎಂದಿದ್ದರೆ ಆ ಟೈರು 2019ನೇ ವರ್ಷದ 23ನೇ ವಾರ ತಯಾರಾದದ್ದು. ಮಾರುವವನು 'ಟೈರು ಹೊಸದು ಸಾರ್' ಎನ್ನುವಾಗ ಈ ಅಂಕಿ ಬೇರೆ ಕತೆ ಹೇಳಬಹುದು.

ಬ್ರೇಕಿನ ವಿಚಾರದಲ್ಲಿ ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಣ ರಸ್ತೆಯಲ್ಲಿ 60 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದಲ್ಲಿಂದ ನಿಲ್ಲಲು ಸುಮಾರು 20 ಮೀಟರು ಬೇಕಾದರೆ, 120 ಕಿ.ಮೀ. ವೇಗದಲ್ಲಿ 80 ಮೀಟರು ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಶಾಖವಾಗಿ ಬ್ರೇಕಿನ ತಟ್ಟೆ ಮತ್ತು ಪ್ಯಾಡುಗಳನ್ನು ಸೇರುತ್ತದೆ. ವೇಗವಾಗಿ ಓಡಿದ ಕಾರಿನ ಬ್ರೇಕು ಬೇಗ ಸವೆಯುವುದು ಇದರಿಂದಲೇ.

ಕಾಣದ ಭಾಗಗಳು

ಟರ್ಬೊ ಎಂಬುದು ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಅದರ ಕಡ್ಡಿ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಹಿಂದಿನ ಮಾಲೀಕ ಎಣ್ಣೆ ಬದಲಿಸುವುದನ್ನು ಮುಂದೂಡಿದ್ದರೆ ಹಾನಿ ಆಗಲೇ ಆಗಿರುತ್ತದೆ. ಅದು ಹೊರಗೆ ಕಾಣುವುದು ನೀವು ಕೊಂಡ ಮೇಲೆ.

ಗೇರ್ ಪೆಟ್ಟಿಗೆಯೂ ಹಾಗೆಯೇ. ಎಣ್ಣೆಯಲ್ಲಿ ಮುಳುಗಿರುವ ಎರಡು ಕ್ಲಚ್ಚಿನ ಆರು ವೇಗದ ಡಿಎಸ್‌ಜಿ ಪೆಟ್ಟಿಗೆಗೆ ಪ್ರತಿ 60,000 ಕಿ.ಮೀ.ಗೆ ಎಣ್ಣೆ ಬದಲಿಸಬೇಕು. ಏಳು ವೇಗದ ಒಣ ಕ್ಲಚ್ಚಿನ ಮಾದರಿಯೂ ಇದೆ. 2013ರಲ್ಲಿ ನಮ್ಮಲ್ಲಿಗೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನಲ್ಲಿ ಇದ್ದದ್ದು ಇದೇ. ಅದೇ ವರ್ಷ ಡಿಎಸ್‌ಜಿ ಪೆಟ್ಟಿಗೆಯ ದೋಷಕ್ಕಾಗಿ ಆ ಕಂಪೆನಿ ಚೀನಾದಲ್ಲಿ 3.84 ಲಕ್ಷದಷ್ಟು ಕಾರುಗಳನ್ನು ವಾಪಸು ಕರೆಸಿತ್ತು. ಎಲ್ಲ ಪೆಟ್ಟಿಗೆಗಳೂ ಕೆಡುತ್ತವೆ ಎಂದು ಇದರ ಅರ್ಥವಲ್ಲ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಬಿಲ್ಲು ಕಟ್ಟುವವರು ನೀವು ಎಂಬುದಷ್ಟೇ ನೆನಪಿರಲಿ.

ಕಂಪ್ಯೂಟರಿನ ಲೆಕ್ಕಾಚಾರ ತಿದ್ದಿ ಇಪ್ಪತ್ತು ಮೂವತ್ತು ಅಶ್ವಶಕ್ತಿ ಹೆಚ್ಚಿಸಿಕೊಂಡ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಹುಡುಗರಿಗೆ ಇದು ಹೆಮ್ಮೆಯ ವಿಷಯ! ಕ್ಲಚ್ಚು ಮತ್ತು ಟರ್ಬೊಗಳಿಗೆ ಮಾತ್ರ ಅಷ್ಟೂ ಹೊರೆ. ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. ವಿಮಾ ಕಂಪೆನಿಯ ಜತೆಗೂ ತಕರಾರು ಬರಬಹುದು.

ವಿಮೆಯ ಒಳಸುಳಿ

ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ಕಂತು ಎಂಜಿನ್ನಿನ ಗಾತ್ರದ ಮೇಲೆ ನಿಂತಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897. ಇದು ಚಿಕ್ಕ ಮಾತು. ದೊಡ್ಡ ಮಾತು ಸ್ವಂತ ಹಾನಿಯ ವಿಮೆಯದು.

ವಿಮೆಯಲ್ಲಿ ಕಾರಿನ ಘೋಷಿತ ಮೌಲ್ಯ ಪ್ರತಿ ವರ್ಷ ಇಳಿಯುತ್ತದೆ. ದುರಸ್ತಿಯ ವೆಚ್ಚ ಆ ಮೌಲ್ಯದ ಶೇ 75ನ್ನು ದಾಟಿದರೆ ಕಾರು ಪೂರ್ತಿ ನಷ್ಟವಾಯಿತೆಂದೇ ಲೆಕ್ಕ. ಬಿಡಿಭಾಗ ದುಬಾರಿ, ಕಾರಿನ ಮೌಲ್ಯ ಅಗ್ಗ. ಹೀಗಾಗಿ ಸಣ್ಣ ಕಾರಾದರೆ ರಿಪೇರಿಯಾಗಿ ಮನೆಗೆ ಬರಬಹುದಾಗಿದ್ದ ಅಪಘಾತದಲ್ಲಿ ಈ ಕಾರು ಗುಜರಿಗೆ ಹೋಗಬಹುದು. ರಿಪೇರಿ ಆಗುವಂತಿದ್ದರೂ ಸವಕಳಿ ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ ಭಾಗಗಳ ಅರ್ಧ ಬೆಲೆ ನಿಮ್ಮದು. 5ರಿಂದ 10 ವರ್ಷದ ಕಾರಿನ ಲೋಹದ ಭಾಗಗಳಲ್ಲಿ ಶೇ 40 ನಿಮ್ಮದು. ಈ ಸವಕಳಿಯನ್ನು ಮನ್ನಾ ಮಾಡುವ ಹೆಚ್ಚುವರಿ ವಿಮೆ ಹಳೆಯ ಕಾರುಗಳಿಗೆ ಸಿಗುವುದು ಕಷ್ಟ. ಹಿಂದಿನ ಮಾಲೀಕನ ನೋ ಕ್ಲೇಮ್ ಬೋನಸ್ ಕೂಡ ಅವನದೇ. ಕಾರಿನ ಜತೆ ನಿಮಗೆ ಬರುವುದಿಲ್ಲ.

ಕಾಗದಪತ್ರ ಮತ್ತು ನೀರಿನ ಗುರುತು

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟವನ್ನು 2014 ಮತ್ತು 2015ರ ಆದೇಶಗಳಲ್ಲಿ ಹಸಿರು ನ್ಯಾಯಮಂಡಳಿ ನಿಷೇಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಬಳಿಕ ಅಲ್ಲಿನ ಅನೇಕ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳ ದಾರಿ ಹಿಡಿದವು. ಇಂಥ ಕಾರನ್ನು ಕರ್ನಾಟಕಕ್ಕೆ ತಂದು ಇಟ್ಟುಕೊಳ್ಳಬೇಕಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಯನ್ನು ಸೇರಿಸಿದ ಮೇಲೆ ಅಗ್ಗ ಅಗ್ಗವಾಗಿಯೇ ಉಳಿಯುತ್ತದೆಯೇ, ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದಾಗ ದುಬಾರಿ ಕಾರುಗಳೂ ಮುಳುಗಿದವು. ನೀರು ಕುಡಿದ ಕಾರನ್ನು ಒರೆಸಿ ಹೊಳಪು ಕೊಟ್ಟು ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ. ನೆಲದ ಕಾರ್ಪೆಟ್ ಎತ್ತಿ ಮೂಸಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಹುಡುಕಿ. ಸ್ಟಿಯರಿಂಗ್ ಮತ್ತು ಪೆಡಲಿನ ರಬ್ಬರು ಸವೆದು, ಮೀಟರು ಮಾತ್ರ 30,000 ಕಿ.ಮೀ. ತೋರಿಸುತ್ತಿದ್ದರೆ ಅನುಮಾನಿಸಿ. ಸರ್ವೀಸ್ ದಾಖಲೆ ಕೇಳಿ. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ಒಂದೆರಡು ಸಾವಿರ ಕೊಟ್ಟು ತಪಾಸಣೆ ಮಾಡಿಸುವುದು ಲಾಭದ ಖರ್ಚು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ತಾಯ್ತಂದೆಯರಿಗೆ

ಹಣದ ಚಿಂತೆಗಿಂತ ದೊಡ್ಡ ಚಿಂತೆ ಜೀವದ್ದು. ಕಲಿಯುವ ಕೈಗೆ 230 ಅಶ್ವಶಕ್ತಿ ಹೆಚ್ಚಾಯಿತು. ಮೊದಲ ಎರಡು ಮೂರು ವರ್ಷ ಸಣ್ಣ ಕಾರಿನಲ್ಲಿ ಮಳೆ, ಕತ್ತಲೆ, ಘಾಟಿ, ಹೆದ್ದಾರಿ ಎಲ್ಲವನ್ನೂ ಕಂಡ ಮೇಲೆ ಇಂಥ ಕಾರಿನ ಮಾತು ಎತ್ತಲಿ. ಹದಿನೆಂಟು ತುಂಬದ ಮಕ್ಕಳ ಕೈಗೆ ಕೀಲಿ ಕೊಡುವುದಂತೂ ಕೂಡದು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿಯೂ 12 ತಿಂಗಳು ರದ್ದು.

ಮಗ ಅಥವಾ ಮಗಳು ದುಡಿಯುತ್ತಿದ್ದು, ಸಾಲ ಮಾಡಿಯಾದರೂ ಕೊಳ್ಳುತ್ತೇನೆಂದರೆ ಬೈಯಬೇಡಿ. ಕಾಗದ ಪೆನ್ಸಿಲು ಕೊಡಿ. 12 ಲಕ್ಷ ಸಾಲ, ವರ್ಷಕ್ಕೆ ಶೇ 12 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 26,700 ರೂಪಾಯಿ. ಐದು ವರ್ಷದಲ್ಲಿ ಬಡ್ಡಿಯೇ ನಾಲ್ಕು ಲಕ್ಷ. ಅದಕ್ಕೆ ಮೇಲಿನ ಪೆಟ್ರೋಲು ತಿಂಗಳಿಗೆ 11,000 ಸೇರಿಸಿ. ವಿಮೆ, ಸರ್ವೀಸು, ಟೈರು, ಬ್ರೇಕುಗಳ ವರ್ಷದ ಅಂದಾಜನ್ನು ಗ್ಯಾರೇಜಿನಲ್ಲಿ ಬರೆಸಿಕೊಂಡು 12ರಿಂದ ಭಾಗಿಸಿ, ಅದನ್ನೂ ಕೂಡಿಸಿ.

ಬಂದ ಮೊತ್ತವನ್ನು ಕಾರು ಕೊಳ್ಳುವ ಮೊದಲೇ ಆರು ತಿಂಗಳ ಕಾಲ ಬ್ಯಾಂಕಿನ ಆರ್‌ಡಿ ಖಾತೆಗೆ ಕಟ್ಟಲಿ. ಮನೆಖರ್ಚಿಗೆ ಕೊಡುವುದನ್ನು ನಿಲ್ಲಿಸದೆ, ಯಾರ ಬಳಿಯೂ ಕೈಸಾಲ ಮಾಡದೆ ಆರು ಕಂತು ಕಟ್ಟಿದರೆ ಆ ಕಾರನ್ನು ಸಾಕುವ ಶಕ್ತಿ ಇದೆ ಎಂದಾಯಿತು. ಕೂಡಿದ ಹಣ ಮೊದಲ ದೊಡ್ಡ ಸರ್ವೀಸಿಗೂ ನಾಲ್ಕು ಟೈರಿಗೂ ಆಯಿತು. ಮೂರನೇ ತಿಂಗಳಲ್ಲೇ ಕಂತು ತಪ್ಪಿದರೆ ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು ಉಳಿಯಿತು. ಆ ದುಡ್ಡನ್ನು ಮುಂಗಡವಾಗಿಟ್ಟು ಒಳ್ಳೆಯದೊಂದು ಸಣ್ಣ ಕಾರು ನೋಡಬಹುದು.